ಮಾಗಳದ ಸೂರ್ಯ ಮತ್ತು ಉಳಿದ ಸೂರ್ಯರು

ಹೂವಿನಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಂಡೆಯ ಊರು. ಕಲ್ಯಾಣದ ಚಾಲುಕ್ಯರ ಕಾಲದ ಒಂದು ಕಲ್ಲುಗುಡಿ ಇಲ್ಲಿದೆ. ವೇಣುಗೋಪಾಲಸ್ವಾಮಿಯ ಗುಡಿ ಎಂಬ ಹೆಸರು ಅದಕ್ಕಿದ್ದರೂ ವಾಸ್ತುಶಿಲ್ಪದ ಇತಿಹಾಸ ಬರೆದವರು ಅದನ್ನು ಸೂರ್ಯನಾರಾಯಣ ದೇವಾಲಯವೆಂದು ಗುರುತಿಸುತ್ತಾರೆ. ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಅಲೆಕ್ಸಾಂಡರ್ ರೇ ಎಂಬ ಅಧಿಕಾರಿ ಈ ಭಾಗದ ಚಾಲುಕ್ಯ ಗುಡಿಗಳನ್ನೆಲ್ಲ ಅಳತೆ ಮಾಡಿ, ಚಿತ್ರ ಬರೆಸಿ, 1896ರಲ್ಲಿ ಪುಸ್ತಕವಾಗಿ ಹೊರತಂದ. ಬಾಗಳಿ, ಕುರುವತ್ತಿ, ಹಿರೇಹಡಗಲಿಗಳ ಜೊತೆಗೆ ಮಾಗಳವೂ ಅಂದಿನಿಂದ ವಿದ್ವಾಂಸರ ನಕಾಶೆಯಲ್ಲಿ ಸೇರಿತು.

ಸೂರ್ಯನಿಗೆ ಗುಡಿ ಕಟ್ಟಿದವರ ಮನಸ್ಸು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಬೆಳಗಾದರೆ ಎದ್ದು ಬರುವವನು ಒಬ್ಬನೇ. ಜೋಳದ ತೆನೆ ತುಂಬಿಸುವವನು, ಬೇಸಿಗೆಯಲ್ಲಿ ಹೊಳೆಯನ್ನು ಬತ್ತಿಸುವವನು, ಮತ್ತೆ ಮಳೆ ತರಿಸುವವನು ಅವನೇ. ಆದರೆ ಇಂದು ನಮ್ಮ ಶಾಲೆಯ ಮಕ್ಕಳಿಗೂ ತಿಳಿದಿರುವಂತೆ ಸೂರ್ಯ ಒಂದು ನಕ್ಷತ್ರ. ನಮ್ಮ ಆಕಾಶಗಂಗೆಯೊಂದರಲ್ಲೇ ಅಂಥ ನಕ್ಷತ್ರಗಳು ಕಡಿಮೆಯೆಂದರೂ ಹತ್ತು ಸಾವಿರ ಕೋಟಿ. ಆಕಾಶಗಂಗೆಯಂಥ ಗೆಲಾಕ್ಸಿಗಳಿಗಂತೂ ಲೆಕ್ಕವಿಲ್ಲ. ಹಾಗಾದರೆ ಬೇರೆ ಯಾವುದೋ ಸೂರ್ಯನ ಸುತ್ತ, ಬೇರೆ ಯಾವುದೋ ಹೊಳೆಯ ದಂಡೆಯಲ್ಲಿ, ನಮ್ಮಂತೆಯೇ ಯೋಚಿಸಬಲ್ಲ ಜೀವಿಗಳು ತಮ್ಮ ಸೂರ್ಯನಿಗೆ ಕೈಮುಗಿಯುತ್ತಿರಬಹುದೆ? ಇದ್ದರೆ, ಇಷ್ಟು ದೊಡ್ಡ ವಿಶ್ವದಲ್ಲಿ ಮನುಷ್ಯನ ಸ್ಥಾನ ಏನು?

ಇದು ರಾಕೆಟ್ಟುಗಳ ಯುಗದಲ್ಲಿ ಹುಟ್ಟಿದ ಪ್ರಶ್ನೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಅದಕ್ಕೆ ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಉತ್ತರ ಹುಡುಕಿದವರಿದ್ದರು. ಆ ಉತ್ತರ ಹುಟ್ಟಿದ ಪರಂಪರೆಯ ಗುರುತು ಮಾಗಳದಿಂದ ಬಹಳ ದೂರವೇನೂ ಇಲ್ಲ.

ಕೋಗಳಿಯ ಲೋಕಲೆಕ್ಕ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಒಂದು ಹಳ್ಳಿ. ಆದರೆ ಶಾಸನಗಳಲ್ಲಿ ಅದು ಕೋಗಳಿ ಐನೂರು ಎಂಬ ನಾಡಿನ ಮುಖ್ಯ ಸ್ಥಳ, ಹೆಸರಾಂತ ಜೈನ ಕೇಂದ್ರ. ಅಲ್ಲಿ ಹಳೆಯ ಬಸದಿ ಇದೆ, ಶಾಸನಗಳಿವೆ. ಇಂಥ ಬಸದಿಗಳಲ್ಲಿ ಮುನಿಗಳು ಶಿಷ್ಯರಿಗೆ ಹೇಳಿಕೊಡುತ್ತಿದ್ದ ವಿಷಯಗಳಲ್ಲಿ ಲೋಕದ ಸ್ವರೂಪವೂ ಒಂದು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಹತ್ತನೆಯ ಶತಮಾನದಲ್ಲಿ 'ತ್ರಿಲೋಕಸಾರ' ಎಂಬ ಪ್ರಾಕೃತ ಗ್ರಂಥವನ್ನೇ ಈ ವಿಷಯದ ಮೇಲೆ ರಚಿಸಿದ.

ಜೈನ ಲೋಕಶಾಸ್ತ್ರದ ಪ್ರಕಾರ ನಡುವೆ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ. ಅದನ್ನು ಸುತ್ತುವರಿದು ಲವಣಸಮುದ್ರ. ಅದರಾಚೆ ಧಾತಕೀಖಂಡ, ಮತ್ತೆ ಕಾಲೋದಧಿ ಸಮುದ್ರ, ಮತ್ತೆ ಪುಷ್ಕರದ್ವೀಪ. ಹೀಗೆ ಬಳೆಯ ಸುತ್ತ ಬಳೆಯಂತೆ ಲೆಕ್ಕವಿಲ್ಲದಷ್ಟು ದ್ವೀಪ, ಸಮುದ್ರಗಳು. ಇನ್ನೂ ಸೋಜಿಗದ ಸಂಗತಿ ಸೂರ್ಯರ ಸಂಖ್ಯೆ. ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಲವಣಸಮುದ್ರದ ಮೇಲೆ ನಾಲ್ವರು, ಧಾತಕೀಖಂಡಕ್ಕೆ 12, ಕಾಲೋದಧಿಗೆ 42, ಪುಷ್ಕರದ್ವೀಪದ ಒಳಗಿನ ಅರ್ಧಕ್ಕೆ 72. ಒಟ್ಟು 132 ಸೂರ್ಯರು, ಅಷ್ಟೇ ಚಂದ್ರರು. ಇದು ಮನುಷ್ಯರು ಇರುವ ಎರಡೂವರೆ ದ್ವೀಪದ ಲೆಕ್ಕ ಮಾತ್ರ. ಪುಷ್ಕರದ್ವೀಪವನ್ನು ನಡುವೆ ಸೀಳಿ ನಿಂತಿರುವ ಮಾನುಷೋತ್ತರ ಪರ್ವತವನ್ನು ದಾಟಿ ಮನುಷ್ಯ ಹೋಗಲಾರ. ಆಚೆಯೂ ಸೂರ್ಯಚಂದ್ರರಿದ್ದಾರೆ, ಆದರೆ ಅವರು ಚಲಿಸದೆ ನಿಂತಲ್ಲೇ ನಿಂತಿರುತ್ತಾರೆ.

ಈ ಅಳತೆಗಳು ಇಂದಿನ ಖಗೋಳ ವಿಜ್ಞಾನದ ಮುಂದೆ ನಿಲ್ಲುವುದಿಲ್ಲ. ಹಿಂದಿನವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಸಾಧಿಸಲು ಇವನ್ನು ಬಳಸುವುದೂ ಸರಿಯಲ್ಲ. ಗಮನಿಸಬೇಕಾದದ್ದು ಅವರ ಮನೋಧರ್ಮವನ್ನು. ನಾವು ಕಾಣುವ ಭರತಕ್ಷೇತ್ರದ ಹೊರಗೆ ವಿದೇಹ ಮೊದಲಾದ ಕ್ಷೇತ್ರಗಳಿವೆ, ಅಲ್ಲಿಯೂ ಮನುಷ್ಯರಿದ್ದಾರೆ, ತೀರ್ಥಂಕರರಿದ್ದಾರೆ ಎಂಬುದನ್ನು ಅವರು ಗಾಬರಿಯಿಲ್ಲದೆ ಒಪ್ಪಿಕೊಂಡಿದ್ದರು. ಜೀವಿಗಳಿಗೆ ದೇವ, ಮನುಷ್ಯ, ತಿರ್ಯಂಚ, ನಾರಕ ಎಂದು ನಾಲ್ಕು ಗತಿಗಳು. ಪ್ರಾಣಿ, ಪಕ್ಷಿ, ಗಿಡಮರಗಳೆಲ್ಲ ತಿರ್ಯಂಚ ಗತಿಯವು. ದೇವತೆಗಳು ಆಯುಷ್ಯದಲ್ಲೂ ಶಕ್ತಿಯಲ್ಲೂ ಮನುಷ್ಯನಿಗಿಂತ ಮೇಲು. ಆದರೂ ಮೋಕ್ಷ ಬೇಕೆಂದರೆ ದೇವತೆಯೂ ಮನುಷ್ಯನಾಗಿ ಹುಟ್ಟಿಬರಬೇಕು. ಏಕೆಂದರೆ ವ್ರತ ಹಿಡಿಯುವ, ಆಸೆಯನ್ನು ಬಿಡುವ ಸಾಮರ್ಥ್ಯ ಇರುವುದು ಮನುಷ್ಯನಿಗೆ.

ಅಂದರೆ ಲೋಕದಲ್ಲಿ ನಮಗಿಂತ ಬಲಶಾಲಿಗಳಿದ್ದರೂ ಮನುಷ್ಯನ ಬೆಲೆ ಕಡಿಮೆಯಾಗುವುದಿಲ್ಲ. ಅವನ ಬೆಲೆ ಅವನು ನಿಂತ ಜಾಗದಿಂದಲ್ಲ, ಅವನು ಮಾಡಬಲ್ಲ ಆಯ್ಕೆಯಿಂದ ಬರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಸೂರ್ಯನ ಮೇಲೂ ಊರುಗಳು!

ಯುರೋಪಿನಲ್ಲಿ ಕಥೆ ಬೇರೆ ರೀತಿ ನಡೆಯಿತು. ಅಲ್ಲಿ ಭೂಮಿಯೇ ವಿಶ್ವದ ನಡುವೆ ಇದೆ ಎಂಬ ನಂಬಿಕೆ ಶತಮಾನಗಳ ಕಾಲ ಗಟ್ಟಿಯಾಗಿ ಬೇರೂರಿತ್ತು. 1543ರಲ್ಲಿ ಪ್ರಕಟವಾದ ಕೊಪರ್ನಿಕಸನ ಗ್ರಂಥ ಭೂಮಿಯನ್ನು ಆ ಸ್ಥಾನದಿಂದ ಇಳಿಸಿ ಸೂರ್ಯನನ್ನು ಕೂರಿಸಿತು. ಜಿಯೋರ್ಡಾನೊ ಬ್ರೂನೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಕ್ಷತ್ರಗಳೆಲ್ಲ ಸೂರ್ಯರೇ, ಅವುಗಳ ಸುತ್ತಲೂ ಲೋಕಗಳಿವೆ, ಅಲ್ಲಿಯೂ ಜೀವಿಗಳಿವೆ ಎಂದ. ಧರ್ಮವಿರೋಧದ ಹಲವು ಆರೋಪಗಳ ಮೇಲೆ ಅವನನ್ನು 1600ರ ಫೆಬ್ರವರಿ 17ರಂದು ರೋಮ್ ನಗರದಲ್ಲಿ ಜೀವಂತ ಸುಟ್ಟರು. ಅನೇಕ ಲೋಕಗಳ ಮಾತೂ ಆ ಆರೋಪಗಳಲ್ಲಿ ಒಂದಾಗಿತ್ತು.

ಎರಡು ಶತಮಾನಗಳ ನಂತರ ಗಾಳಿ ಪೂರ್ತಿ ತಿರುಗಿತು. ಎಲ್ಲೆಲ್ಲೂ ಜೀವಿಗಳಿವೆ ಎಂದು ನಂಬುವುದೇ ವಿದ್ವಾಂಸರ ರೂಢಿಯಾಯಿತು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್, ಆ ಕಾಲದ ಅತಿ ದೊಡ್ಡ ಖಗೋಳ ವೀಕ್ಷಕ, 1795ರಲ್ಲಿ ಒಂದು ಪ್ರಬಂಧ ಬರೆದ. ಸೂರ್ಯನ ಹೊರಗೆ ಹೊಳೆಯುವ ಮೋಡಗಳ ಪದರವಿದೆ, ಒಳಗೆ ತಂಪಾದ ಗಟ್ಟಿ ನೆಲವಿದೆ, ಸೂರ್ಯನ ಕಲೆಗಳೆಂದರೆ ಮೋಡ ಹರಿದಾಗ ಕಾಣುವ ಆ ನೆಲ, ಅಲ್ಲಿ ಜೀವಿಗಳು ವಾಸಿಸುತ್ತಿರಬಹುದು ಎಂಬುದು ಅವನ ವಾದ. ಅಷ್ಟು ದೊಡ್ಡ ವೀಕ್ಷಕನೂ ಇಂಥ ಮಾತು ಆಡಿದನಲ್ಲ ಎಂದು ನಗುವುದು ಸುಲಭ. ಆದರೆ ಸೂರ್ಯ ಯಾವುದರಿಂದ ಆಗಿದ್ದಾನೆ ಎಂದು ತಿಳಿಯುವ ಸಾಧನವೇ ಆಗ ಯಾರ ಬಳಿಯೂ ಇರಲಿಲ್ಲ.

ವಿಲಿಯಮನ ಮಗ ಸರ್ ಜಾನ್ ಹರ್ಷೆಲ್ ಕೂಡ ಖ್ಯಾತ ಖಗೋಳಜ್ಞ. 1835ರಲ್ಲಿ ಅವನು ದಕ್ಷಿಣ ಆಫ್ರಿಕದ ತುದಿಯಲ್ಲಿ ಕುಳಿತು ದಕ್ಷಿಣದ ಆಕಾಶವನ್ನು ಪರಿಶೀಲಿಸುತ್ತಿದ್ದಾಗ ನ್ಯೂಯಾರ್ಕಿನ ಒಂದು ಪತ್ರಿಕೆ ಅವನ ಹೆಸರಿನಲ್ಲಿ ಲೇಖನಮಾಲೆಯನ್ನೇ ಅಚ್ಚು ಹಾಕಿತು. ಚಂದ್ರನ ಮೇಲೆ ಕಾಡುಗಳಿವೆ, ಬಾವಲಿಯ ರೆಕ್ಕೆಯ ಮನುಷ್ಯರಿದ್ದಾರೆ, ಅವರು ಗುಡಿಗಳನ್ನೂ ಕಟ್ಟಿದ್ದಾರೆ ಎಂದೆಲ್ಲ ಅದರಲ್ಲಿತ್ತು. ಎಲ್ಲವೂ ಕಟ್ಟುಕಥೆ. ಜನ ನಂಬಿ ಮುಗಿಬಿದ್ದು ಕೊಂಡರು. ಆ ಪತ್ರಿಕೆಯ ಹೆಸರು 'ದಿ ಸನ್', ಅಂದರೆ ಸೂರ್ಯ! ಅನ್ಯಲೋಕದ ಸುದ್ದಿಗೆ ಗ್ರಾಹಕರು ಬೇಗ ಸಿಗುತ್ತಾರೆ ಎಂಬುದನ್ನು ಪತ್ರಿಕಾಲೋಕ ಅಂದೇ ಕಲಿಯಿತು.

ಈ ಮನೆತನದ ಮೂರನೆಯ ತಲೆಮಾರಿನ ಕಥೆ ನಡೆಯುವುದು ನಮ್ಮ ನಾಡಿನಲ್ಲಿ.

ಜಮಖಂಡಿಯ ಐದು ನಿಮಿಷ

1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೆ ದಖ್ಖನ್ನಿನ ಮೇಲೆ ಹಾದುಹೋಗಲಿತ್ತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟ. ಬಿಜಾಪುರದಲ್ಲೂ ಒಂದು ತಂಡ ಕಾದಿತ್ತು. ಆಗ ದೇಶೀ ಸಂಸ್ಥಾನವಾಗಿದ್ದ ಜಮಖಂಡಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳನ್ನು ಹೊತ್ತು ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಸರ್ ಜಾನನ ಮಗ, ವಿಲಿಯಮನ ಮೊಮ್ಮಗ. ಭಾರತದ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಸೇನಾ ಎಂಜಿನಿಯರ್.

ಮಳೆಗಾಲದ ದಿನ, ಮೋಡಗಳ ಕಾಟ. ಸೂರ್ಯ ಪೂರ್ತಿ ಮುಚ್ಚಿಹೋಗುವುದು ಐದು ನಿಮಿಷಗಳಷ್ಟು ಹೊತ್ತು ಮಾತ್ರ. ಮೋಡದ ಬಿರುಕಿನಲ್ಲಿ ಸಿಕ್ಕ ಅಲ್ಪ ಸಮಯದಲ್ಲಿ ಹರ್ಷೆಲ್ ಸೂರ್ಯನ ಅಂಚಿನಿಂದ ಚಾಚಿದ್ದ ಕೆಂಪು ಜ್ವಾಲೆಯೊಂದರ ಕಡೆ ತನ್ನ ರೋಹಿತದರ್ಶಕವನ್ನು ತಿರುಗಿಸಿದ. ಕಂಡದ್ದು ಕಾಮನಬಿಲ್ಲಿನಂಥ ಬಣ್ಣದ ಪಟ್ಟಿಯಲ್ಲ. ಮೂರು ಪ್ರಕಾಶಮಾನವಾದ ಗೆರೆಗಳು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ.

ಈ ಗೆರೆಗಳ ಅರ್ಥ ದೊಡ್ಡದು. ಗಟ್ಟಿ ವಸ್ತು ಕಾದರೆ ಎಲ್ಲ ಬಣ್ಣಗಳ ಪಟ್ಟಿ ಕಾಣುತ್ತದೆ. ತೆಳುವಾದ ಅನಿಲ ಕಾದರೆ ಬಿಡಿಬಿಡಿ ಗೆರೆಗಳು ಮಾತ್ರ ಕಾಣುತ್ತವೆ. ಪ್ರತಿಯೊಂದು ಧಾತುವಿಗೂ ಅದರದೇ ಗೆರೆಗಳು, ಹೆಬ್ಬೆಟ್ಟಿನ ಗುರುತಿನ ಹಾಗೆ. ಸೂರ್ಯನಿಂದ ಚಿಮ್ಮುವ ಜ್ವಾಲೆ ಉರಿಯುವ ಅನಿಲ, ಅದರಲ್ಲಿ ಹೈಡ್ರೋಜನ್ ಇದೆ ಎಂಬುದು ಅಂದು ದಖ್ಖನ್ನಿನ ಹಲವು ಬೀಡುಗಳಲ್ಲಿ ಏಕಕಾಲಕ್ಕೆ ಖಚಿತವಾಯಿತು. ಹಳದಿ, ಕಿತ್ತಳೆಯ ನಡುವಿನ ಆ ಗೆರೆ ಮಾತ್ರ ತಿಳಿದ ಯಾವ ಧಾತುವಿಗೂ ಹೊಂದಲಿಲ್ಲ. ಇಂಗ್ಲೆಂಡಿನ ಲಾಕ್ಯರ್ ಅದನ್ನು ಹೊಸ ಧಾತುವಿನದೆಂದು ಊಹಿಸಿದ. ಗ್ರೀಕರ ಸೂರ್ಯದೇವ ಹೀಲಿಯೋಸನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರಾಯಿತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ರಾಮ್ಸೆಯ ಪ್ರಯೋಗಶಾಲೆಯಲ್ಲಿ.

ಸೂರ್ಯನ ಮೇಲೆ ಜನರಿದ್ದಾರೆ ಎಂದು ಅಜ್ಜ ಬರೆದ. ಅಂಥ ಮಾತಿಗೆ ಇನ್ನು ಜಾಗವಿಲ್ಲ ಎಂದು ಸಾರಿದ ಗೆರೆಗಳನ್ನು ಮೊಮ್ಮಗ ಕೃಷ್ಣಾ ತೀರದ ನಾಡಿನಲ್ಲಿ ಕಂಡ. ಆದರೆ ಒಂದು ಬಾಗಿಲು ಮುಚ್ಚಿದ ಆ ಗೆರೆಗಳೇ ಇನ್ನೊಂದನ್ನು ತೆರೆದವು. ಸೂರ್ಯನಲ್ಲಿರುವ ಹೈಡ್ರೋಜನ್ ನಮ್ಮ ಹೊಳೆಯ ನೀರಿನಲ್ಲಿರುವ ಹೈಡ್ರೋಜನ್ನೇ. ದೂರದ ನಕ್ಷತ್ರಗಳಲ್ಲೂ ಅದೇ ಧಾತುಗಳು, ಅದೇ ನಿಯಮಗಳು. ಅಡುಗೆಯ ಸಾಮಾನು ಎಲ್ಲ ಮನೆಗಳಲ್ಲೂ ಒಂದೇ ಆಗಿದ್ದರೆ, ಒಂದೇ ಮನೆಯಲ್ಲಿ ಮಾತ್ರ ಅಡುಗೆ ಆಗಿದೆ ಎಂದು ಹೇಗೆ ಹೇಳುವುದು?

ಲೋಕಗಳು ಸಿಕ್ಕವು, ನೆರೆಯವರು ಸಿಗಲಿಲ್ಲ

ಬೇರೆ ಸೂರ್ಯರಿಗೆ ಗ್ರಹಗಳಿವೆಯೆ ಎಂಬುದು ಬಹುಕಾಲ ಊಹೆಯಾಗಿಯೇ ಉಳಿದಿತ್ತು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋಜ್ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಗ್ರಹವನ್ನು ಮೊದಲ ಬಾರಿಗೆ ಗುರುತಿಸಿದರು. 2019ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 2025ರ ಸೆಪ್ಟೆಂಬರ್ ಹೊತ್ತಿಗೆ ಹೀಗೆ ಖಚಿತವಾದ ಗ್ರಹಗಳ ಸಂಖ್ಯೆ 6,000 ದಾಟಿತು. ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾಕ್ಕೂ ಗ್ರಹವಿದೆ ಎಂಬುದು 2016ರಲ್ಲಿ ತಿಳಿಯಿತು. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಸೂರ್ಯನಿಂದ ಮಾಗಳಕ್ಕೆ ಬೆಳಕು ಬರಲು ಎಂಟು ನಿಮಿಷ ಸಾಕು.

ಗ್ರಹಗಳು ಸಿಕ್ಕವು, ಜೀವಿಗಳು ಸಿಕ್ಕಿಲ್ಲ. ಸಿಕ್ಕವು ಎಂಬ ಸುದ್ದಿ ಆಗಾಗ ಬರುತ್ತದೆ. ಕೆ2-18ಬಿ ಎಂಬ ಗ್ರಹ ನಮ್ಮಿಂದ 124 ಬೆಳಕಿನ ವರ್ಷ ದೂರದಲ್ಲಿದೆ. ಭೂಮಿಯ ಮೇಲೆ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳು ತಯಾರಿಸುವ ಒಂದು ಅನಿಲದ ಸುಳಿವು ಅದರ ವಾತಾವರಣದಲ್ಲಿದೆ ಎಂದು ಭಾರತ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ನೇತೃತ್ವದ ಕೇಂಬ್ರಿಜ್ ತಂಡ 2025ರ ಏಪ್ರಿಲ್‌ನಲ್ಲಿ ಹೇಳಿತು. ಅದೇ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿದ ಬೇರೆ ತಂಡಗಳು ಅದನ್ನು ಒಪ್ಪಲಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವಿಜ್ಞಾನ ನಡೆಯುವುದೇ ಹೀಗೆ. ಇದಕ್ಕೆ ನಮ್ಮ ಶರಾವತಿಯ ಹಿನ್ನೀರೇ ಸಾಕ್ಷಿ. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿದ ಕಾಲದ ರೇಡಿಯೋ ಗುರುತು ಸಿಕ್ಕಿದೆ ಎಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೆಲಸ ಮಾಡಿದ ತಂಡವೊಂದು 2018ರಲ್ಲಿ ಪ್ರಕಟಿಸಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಎಂಬ ರೇಡಿಯೋ ದೂರದರ್ಶಕ ಕಟ್ಟಿ, ನೆಲದಿಂದ ಬರುವ ಗೊಂದಲ ತಪ್ಪಿಸಲು ಅದನ್ನು ತೆಪ್ಪದಂತೆ ನೀರಿನ ಮೇಲೆ ತೇಲಿಬಿಟ್ಟರು. 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ಅಳತೆ ನಡೆಯಿತು. ಆಸ್ಟ್ರೇಲಿಯಾದವರು ಹೇಳಿದ ಗುರುತು ಇಲ್ಲಿ ಕಾಣಲಿಲ್ಲ ಎಂದು 2022ರಲ್ಲಿ ಅವರು ಲೋಕಕ್ಕೆ ತಿಳಿಸಿದರು. ನಾಳೆ ಯಾರಾದರೂ ಅನ್ಯಲೋಕದ ಕರೆ ಕೇಳಿಸಿತು ಎಂದರೆ ಅದೂ ಇಂಥ ಒರೆಗಲ್ಲಿಗೆ ಉಜ್ಜಿಸಿಕೊಳ್ಳಲೇಬೇಕು.

ಸದ್ದಲೇ!

ಕರೆಗಾಗಿ ಕಿವಿಗೊಡುವ ಕೆಲಸ ಶುರುವಾದದ್ದು 1960ರಲ್ಲಿ. ಅಮೆರಿಕದ ಗ್ರೀನ್ ಬ್ಯಾಂಕ್ ಎಂಬಲ್ಲಿ ಫ್ರಾಂಕ್ ಡ್ರೇಕ್ ಎಂಬ ತರುಣ ವಿಜ್ಞಾನಿ ರೇಡಿಯೋ ದೂರದರ್ಶಕವನ್ನು ಹತ್ತಿರದ ಎರಡು ನಕ್ಷತ್ರಗಳ ಕಡೆ ತಿರುಗಿಸಿ ಕಾದ. ಏನೂ ಕೇಳಿಸಲಿಲ್ಲ. ಮರುವರ್ಷ ಅವನು ಒಂದು ಸಮೀಕರಣ ಬರೆದ. ನಕ್ಷತ್ರಗಳು ಹುಟ್ಟುವ ಗತಿ ಎಷ್ಟು, ಗ್ರಹಗಳಿರುವ ಪಾಲೆಷ್ಟು, ಜೀವ ಹುಟ್ಟುವ ಪಾಲೆಷ್ಟು, ಬುದ್ಧಿ ಬೆಳೆಯುವ ಪಾಲೆಷ್ಟು ಎಂದು ಒಂದೊಂದಾಗಿ ಗುಣಿಸುತ್ತ ಹೋಗಬೇಕು. ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯ. ಸಂದೇಶ ಕಳುಹಿಸಬಲ್ಲ ನಾಗರಿಕತೆ ಎಷ್ಟು ವರ್ಷ ಬಾಳುತ್ತದೆ? ನೂರು ವರ್ಷವೋ, ಲಕ್ಷ ವರ್ಷವೋ? ಇದನ್ನು ಆಕಾಶ ನೋಡಿ ಹೇಳಲಾಗದು. ನಮಗೆ ಗೊತ್ತಿರುವ ಅಂಥ ನಾಗರಿಕತೆ ಒಂದೇ, ಅದು ನಮ್ಮದು. ಅಣುಬಾಂಬು ಕೈಗೆ ಬಂದ ಮೇಲೆ ಅದು ಇನ್ನೂ ನೂರು ವರ್ಷ ಪೂರೈಸಿಲ್ಲ.

1977ರ ಆಗಸ್ಟ್ 15ರಂದು ಒಹಾಯೊದ ದೂರದರ್ಶಕವೊಂದಕ್ಕೆ 72 ಸೆಕೆಂಡುಗಳ ಕಾಲ ಬಲವಾದ ಸಂಕೇತವೊಂದು ಸಿಕ್ಕಿತು. ಆಮೇಲೆ ಎಷ್ಟು ಹುಡುಕಿದರೂ ಅದು ಮತ್ತೆ ಬರಲಿಲ್ಲ.

ಈ ಕಾಯುವಿಕೆಯ ಸ್ವರೂಪ ಹಡಗಲಿ ಸೀಮೆಯವರಿಗೆ ಚೆನ್ನಾಗಿ ಅರ್ಥವಾಗಬೇಕು. ಇದೇ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆ. ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ ನಿಂತು 'ಸದ್ದಲೇ' ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಆ ಮೌನದಲ್ಲಿ ಒಂದೇ ಒಂದು ಸಾಲು ಬರುತ್ತದೆ, ಅದೇ ಕಾರಣಿಕ. ಆಮೇಲೆ ಅದರ ಅರ್ಥ ಬಿಡಿಸುವ ಕೆಲಸ. ರೈತ ಅದರಲ್ಲಿ ಮಳೆ ಬೆಳೆ ಕಾಣುತ್ತಾನೆ, ವ್ಯಾಪಾರಿ ಧಾರಣೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಭಕ್ತಿಯ ಮಾತು ಬೇರೆ, ರೇಡಿಯೋ ವಿಜ್ಞಾನ ಬೇರೆ. ಆದರೂ ಒಂದು ಸಾಮ್ಯವಿದೆ. ಕೇಳಬೇಕಾದರೆ ಮೊದಲು ನಾವು ಸುಮ್ಮನಾಗಬೇಕು. ಮತ್ತು ಕೇಳಿದ ಸಾಲಿಗೆ ನಮ್ಮ ನಮ್ಮ ಆಸೆ, ಭಯಗಳನ್ನೇ ಅರ್ಥವಾಗಿ ತುಂಬುವ ಅಪಾಯ ಯಾವಾಗಲೂ ಇರುತ್ತದೆ. ಚಂದ್ರನ ಬಾವಲಿ ಮನುಷ್ಯರು ನಮಗೆ ಕಲಿಸಿದ ಪಾಠವೂ ಇದೇ.

ನಕ್ಷತ್ರಗಳ ನಡುವೆ ಕನ್ನಡ

ಒಹಾಯೊದ ಆ ಸಂಕೇತ ಬಂದ ಐದೇ ದಿನಗಳಿಗೆ, 1977ರ ಆಗಸ್ಟ್ 20ರಂದು, ವಾಯೇಜರ್-2 ನೌಕೆ ಭೂಮಿಯನ್ನು ಬಿಟ್ಟಿತು. ಸೆಪ್ಟೆಂಬರ್ 5ರಂದು ವಾಯೇಜರ್-1 ಹೊರಟಿತು. ಎರಡರಲ್ಲೂ ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆಗಳಿವೆ. ಕಾರ್ಲ್ ಸಾಗನ್ ನೇತೃತ್ವದ ಸಮಿತಿ ಅದರಲ್ಲಿ ಭೂಮಿಯ ಸದ್ದುಗಳು, ಚಿತ್ರಗಳು, ಸಂಗೀತದ ಜೊತೆಗೆ 55 ಭಾಷೆಗಳ ಶುಭಾಶಯಗಳನ್ನು ಸೇರಿಸಿತು. ಆ 55ರಲ್ಲಿ ಕನ್ನಡವೂ ಒಂದು. ನಮಸ್ಕಾರ ಹೇಳಿ ಕನ್ನಡಿಗರ ಪರವಾಗಿ ಶುಭ ಕೋರುವ ಪುಟ್ಟ ವಾಕ್ಯ ಅದು. ಜೊತೆಗೆ ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ವಾಯೇಜರ್-1 ಹೊರಟ ಹನ್ನೊಂದನೆಯ ದಿನ ಆ ಮಹಾನ್ ಗಾಯಕಿ ತೀರಿಕೊಂಡರು. ಕಂಠ ಮಾತ್ರ ಪ್ರಯಾಣದಲ್ಲಿತ್ತು.

ವಾಯೇಜರ್-1 ಇಂದು 2,500 ಕೋಟಿ ಕಿಲೋಮೀಟರಿಗಿಂತ ದೂರದಲ್ಲಿದೆ. ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಎಲ್ಲೆಯನ್ನು ಅದು 2012ರಲ್ಲಿ, ವಾಯೇಜರ್-2 ನೌಕೆ 2018ರಲ್ಲಿ ದಾಟಿದವು. ಜೈನ ಮುನಿಗಳ ಮಾತಿನಲ್ಲಿ ಹೇಳುವುದಾದರೆ ಮನುಷ್ಯನ ಕೈಕೆಲಸ ಮಾನುಷೋತ್ತರವನ್ನು ದಾಟಿತು, ಮನುಷ್ಯ ದಾಟಲಿಲ್ಲ. ಅದು ಇನ್ನೊಂದು ನಕ್ಷತ್ರದ ಹತ್ತಿರ ಸುಳಿಯಲು ಸುಮಾರು 40,000 ವರ್ಷ ಬೇಕು. ಅಷ್ಟು ಹೊತ್ತಿಗೆ ಕನ್ನಡ ಮಾತಾಡುವವರು ಇರುತ್ತಾರೆಯೆ? ಹಲ್ಮಿಡಿ ಶಾಸನದಿಂದ ಇಂದಿನವರೆಗೆ ನಮ್ಮ ಭಾಷೆಯ ಬರವಣಿಗೆಗೆ ಸುಮಾರು 1,600 ವರ್ಷ. ಆ ಲೆಕ್ಕದಲ್ಲಿ 40,000 ವರ್ಷ ಊಹೆಗೂ ಮೀರಿದ್ದು. ತಟ್ಟೆ ಯಾರಿಗಾದರೂ ಸಿಕ್ಕರೂ ಕನ್ನಡಿಗರೆಂದರೆ ಯಾರು ಎಂದು ಅವರಿಗೆ ತಿಳಿಯದು. ಹಾಗಿದ್ದೂ ಕಳಿಸಿದೆವು. ಆ ಶುಭಾಶಯವನ್ನು ನಿಜವಾಗಿ ಕೇಳುತ್ತಿರುವವರು ನಾವೇ.

1990ರ ಫೆಬ್ರವರಿ 14ರಂದು ಅದೇ ನೌಕೆ ತಿರುಗಿ ನಿಂತು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಭೂಮಿಯ ಚಿತ್ರ ತೆಗೆಯಿತು. ಬಿಸಿಲಿನ ಕೋಲಿನಲ್ಲಿ ತೇಲುವ ಧೂಳಿನ ಕಣದಂಥ ಒಂದು ಚುಕ್ಕೆ. ಹಂಪಿ, ರೋಮ್, ಮಾಗಳ ಎಲ್ಲವೂ ಆ ಚುಕ್ಕೆಯೊಳಗೆ.

ಎರಡು ಭೇಟಿಗಳು

ಒಂದು ದಿನ ನಿಜವಾಗಿಯೂ ಭೇಟಿಯಾದರೆ? ಉತ್ತರಕ್ಕೆ ಇತಿಹಾಸವೊಂದೇ ಆಧಾರ. 1520ರ ಸುಮಾರಿಗೆ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದ. ಕೃಷ್ಣದೇವರಾಯನ ರಾಜಧಾನಿಯನ್ನು ನೋಡಿ ಬೆರಗಾಗಿ ಅದನ್ನು ರೋಮಿಗೆ ಹೋಲಿಸಿದ. ಅವನ ಬಳಿ ಇದ್ದ ಅಳತೆಗೋಲು ಅದೇ. ಬಂದವನು ಕಂಡದ್ದನ್ನು ಬರೆದ, ಆಳುವವನು ಅತಿಥಿಯಾಗಿ ಕಂಡ, ಕುದುರೆ ವ್ಯಾಪಾರ ನಡೆಯಿತು. ಅದೇ ಹೊತ್ತಿನಲ್ಲಿ, 1519ರಿಂದ 1521ರ ಒಳಗೆ, ಸಮುದ್ರದಾಚೆಯ ಮೆಕ್ಸಿಕೋದಲ್ಲಿ ಸ್ಪೇನಿನ ಕೊರ್ಟೆಸ್ ಅಜ್ಟೆಕ್ ರಾಜ್ಯವನ್ನು ನೆಲಸಮ ಮಾಡಿದ. ಕತ್ತಿಗಿಂತ ಹೆಚ್ಚು ಜನರನ್ನು ಬಂದವರು ತಂದ ಸಿಡುಬು ಕೊಂದಿತು. ಒಂದೇ ಕಾಲ, ಒಂದೇ ಖಂಡದ ಪ್ರಯಾಣಿಕರು, ಎರಡು ಭೇಟಿಗಳು. ಒಂದು ಸರೀಕರ ಭೇಟಿ, ಇನ್ನೊಂದು ನಾಶ.

ವ್ಯತ್ಯಾಸ ಮಾಡಿದ್ದು ಬುದ್ಧಿಯಲ್ಲ, ಬಲದ ಲೆಕ್ಕ. ಎದುರಿಗಿರುವವನನ್ನು ಮನುಷ್ಯನೆಂದು ಗುರುತಿಸುವುದೋ ಇಲ್ಲವೋ ಎಂಬುದೂ ಆ ಲೆಕ್ಕದಲ್ಲೇ ತೀರ್ಮಾನವಾಯಿತು. ನಾವು ಬೇರೆಯವರ ಕಡೆ ಬೆರಳು ತೋರಿಸುವ ಮೊದಲು ನಮ್ಮ ಕಡೆಯೂ ನೋಡಿಕೊಳ್ಳಬೇಕು. ಮನುಷ್ಯಕುಲವೆಲ್ಲ ಒಂದೇ ಎಂದು ಆದಿಕವಿ ಪಂಪ ಹತ್ತನೆಯ ಶತಮಾನದಲ್ಲೇ ಆದಿಪುರಾಣದಲ್ಲಿ ಹೇಳಿದ್ದ. ಆದರೂ ನಾವು ಸೊಗಸಾದ ಗುಡಿಗಳನ್ನು ಕಟ್ಟಿ, ಅವುಗಳ ಹೊಸ್ತಿಲಾಚೆಗೆ ನಮ್ಮದೇ ಊರಿನ ಜನರನ್ನು ನಿಲ್ಲಿಸಿದೆವು. ಒಂದೇ ಬಾವಿಯ ನೀರಿಗೆ ಎರಡು ಸಾಲು ಮಾಡಿದೆವು. ಕೇರಿಯಾಚೆಯವನನ್ನು ಸರಿಸಮನೆಂದು ಒಪ್ಪಲು ಸಾವಿರ ವರ್ಷ ಸಾಲದವರು ಸೂರ್ಯನಾಚೆಯವನನ್ನು ಒಪ್ಪುವ ಮಾತಾಡುವುದು ಸ್ವಲ್ಪ ಆತುರವೇ.

ಅನ್ಯ ಬುದ್ಧಿಯನ್ನು ಹುಡುಕಲು ಆಕಾಶಕ್ಕೇ ಹೋಗಬೇಕಾಗಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಬಂಡೆಗಳ ನಡುವೆ ಹಗಲು ಕಳೆದು ಸಂಜೆ ಆಹಾರಕ್ಕೆ ಇಳಿಯುವ ಕರಡಿಗೆ ತನ್ನದೇ ನೆನಪಿದೆ, ತನ್ನದೇ ದಾರಿಯಿದೆ, ಮರಿಗಳನ್ನು ಬೆನ್ನ ಮೇಲೆ ಹೊತ್ತು ನಡೆಯುವ ಅಕ್ಕರೆಯಿದೆ. ತಿರ್ಯಂಚ ಎಂದು ಹಿಂದಿನವರು ಕರೆದರೂ ಜೀವದ ಪಟ್ಟಿಯಿಂದ ಅದನ್ನು ಹೊರಗಿಡಲಿಲ್ಲ. ನಮಗಿಂತ ಬಲಶಾಲಿಗಳು ಆಕಾಶದಿಂದ ಇಳಿದು ಬಂದರೆ ನಮ್ಮನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಾವು ಬಯಸುತ್ತೇವೋ, ಹಾಗೆ ನಾವು ಈ ಕರಡಿಯನ್ನು ನಡೆಸಿಕೊಳ್ಳುತ್ತಿದ್ದೇವೆಯೆ? ಪ್ರಶ್ನೆ ಇಷ್ಟು ಸರಳ.

ಉಳಿಯುವ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೇರೆ ಬುದ್ಧಿಜೀವಿಗಳಿದ್ದರೆ ಮನುಷ್ಯನ ಸ್ಥಾನ ಏನು? ಎರಡೇ ಸಾಧ್ಯತೆಗಳಿವೆ. ಒಂದು, ವಿಶ್ವದಲ್ಲಿ ಯಾರೂ ಇಲ್ಲ. ಆಗ ಹತ್ತು ಸಾವಿರ ಕೋಟಿ ದೀಪಗಳ ನಡುವೆ ಅವನ್ನು ದೀಪಗಳೆಂದು ಕಾಣುವ ಕಣ್ಣು ನಮ್ಮದೊಂದೇ. ನಾವು ಅಳಿದರೆ ವಿಶ್ವ ಕುರುಡಾಗುತ್ತದೆ. ಎರಡು, ಅನೇಕರಿದ್ದಾರೆ. ಆಗಲೂ ನೆರೆಮನೆ ನೂರಾರು, ಸಾವಿರಾರು ಬೆಳಕಿನ ವರ್ಷ ದೂರ. ಕೂಗಿದರೆ ಉತ್ತರ ಬರುವಷ್ಟರಲ್ಲಿ ತಲೆಮಾರುಗಳು ಕಳೆದಿರುತ್ತವೆ. ಬರಗಾಲದಲ್ಲಿ ನೀರು ತಂದುಕೊಡಲು, ಯುದ್ಧ ಬಿಡಿಸಲು ಅವರು ಬರಲಾರರು. ಎರಡು ದಾರಿಗಳೂ ಒಂದೇ ಕಡೆ ಸೇರುತ್ತವೆ. ಈ ಭೂಮಿಯನ್ನು ನೋಡಿಕೊಳ್ಳಬೇಕಾದವರು ನಾವೇ.

ಕೊಪರ್ನಿಕಸ್ ಭೂಮಿಯನ್ನು ನಡುವಿನಿಂದ ಕದಲಿಸಿದ. ಜಮಖಂಡಿಯ ಗೆರೆಗಳು ಸೂರ್ಯನನ್ನು ಸಾಮಾನ್ಯ ಧಾತುಗಳ ಅನಿಲವಾಗಿಸಿದವು. 6,000 ಗ್ರಹಗಳು ನಮ್ಮ ಗ್ರಹವನ್ನು ಅನೇಕರಲ್ಲಿ ಒಂದಾಗಿಸಿದವು. ಪ್ರತಿ ಬಾರಿಯೂ ಮನುಷ್ಯ ಚಿಕ್ಕವನಾದನೆಂದು ಜನ ಕೊರಗಿದರು. ಆದರೆ ಕೋಗಳಿಯ ಮುನಿಗಳ ಲೆಕ್ಕ ಹಿಡಿದರೆ ಕೊರಗಲು ಕಾರಣವಿಲ್ಲ. ನೂರಾರು ಸೂರ್ಯರನ್ನೂ ತನಗಿಂತ ಬಲಶಾಲಿಗಳಾದ ದೇವತೆಗಳನ್ನೂ ಒಪ್ಪಿಕೊಂಡೇ ಅವರು ಮನುಷ್ಯಜನ್ಮ ದೊಡ್ಡದೆಂದರು. ಬೇಡವಾದದ್ದನ್ನು ಬಿಡಬಲ್ಲ ಶಕ್ತಿ ಅವನಿಗಿದೆ ಎಂಬುದೊಂದೇ ಅದಕ್ಕೆ ಕಾರಣ. ಡ್ರೇಕನ ಸಮೀಕರಣದ ಕೊನೆಯ ಅಂಶ, ನಾಗರಿಕತೆಯ ಆಯುಷ್ಯ, ನಿಂತಿರುವುದೂ ಇದೇ ಶಕ್ತಿಯ ಮೇಲೆ.

ಮಾಗಳದ ಗುಡಿ ಕಟ್ಟಿದ ಶಿಲ್ಪಿಗಳಿಗೆ ಇದೊಂದೂ ಗೊತ್ತಿರಲಿಲ್ಲ. ಕಲ್ಲು ತಂದರು, ಅಳತೆ ತಪ್ಪದಂತೆ ಕಡೆದರು, ತಮ್ಮ ಸೂರ್ಯನಿಗೆ ಒಂದು ಮನೆ ಮಾಡಿಕೊಟ್ಟರು. ಒಂಬೈನೂರು ವರ್ಷಗಳ ಸುಮಾರಿಗೆ ಬಂದರೂ ಅದು ನಿಂತಿದೆ. ಸಂಜೆ ಹೊತ್ತು ಮುಳುಗಿ ಕತ್ತಲಾದ ಮೇಲೆ ಹೊಳೆಯ ದಂಡೆಗೆ ಹೋಗಿ ನಿಂತರೆ ಉಳಿದ ಸೂರ್ಯರೆಲ್ಲ ಕಾಣುತ್ತಾರೆ. ಅವರಲ್ಲಿ ಯಾರ ಅಂಗಳದಲ್ಲಿ ಯಾರಿದ್ದಾರೋ! ಅವರ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಕಾಲ ಕೆಳಗಿನ ಹೊಳೆ ಬತ್ತದಂತೆ, ಪಕ್ಕದಲ್ಲಿ ನಿಂತವನ ಕೈ ಬಿಡದಂತೆ ನೋಡಿಕೊಂಡರೆ ನಮ್ಮ ಸ್ಥಾನ ನಮಗೆ ಸಿಕ್ಕ ಹಾಗೆಯೇ.